ಸತ್ತ ಮಗುವಿಗೆ ಇಟ್ಟ ಹೆಸರು

ಕೊರೊನಾ ಮುಗಿದ ನಂತರದ ವರ್ಷಗಳಲ್ಲಿ ನಾನು ಕೋಲಾರದ ಒಂದು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಸೀನಿಯರ್ ನರ್ಸ್ ಆಗಿದ್ದೆ. ಸತ್ತು ಹುಟ್ಟಿದ ಮಗುವನ್ನು ಬಟ್ಟೆಯಲ್ಲಿ ಸುತ್ತಿ ಬೇಗನೆ ಮನೆಯವರ ಕೈಗೆ ಕೊಟ್ಟುಬಿಡುವುದು ಆಗ ವಾಡಿಕೆ. ತಾಯಿ ನೋಡದಿದ್ದರೆ ಬೇಗ ಮರೆಯುತ್ತಾಳೆ ಎಂದು ನಮಗೆ ಹೇಳಿಕೊಟ್ಟಿದ್ದರು.

ಶಾಂತಾ ನರಸಾಪುರದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದಳು. ಕ್ರೈಸ್ತ ಕುಟುಂಬ. ಮದುವೆಯಾಗಿ ಬಹಳ ವರ್ಷ ಮಕ್ಕಳಿರಲಿಲ್ಲ. ಅತ್ತೆ ಮೇರಿಯಮ್ಮ ಎದ್ದರೆ ಕೂತರೆ, "ದೇವ್ರು ನಿನ್ನ ಮರ್ತೇಬಿಟ್ಟವ್ನೆ" ಎನ್ನುತ್ತಿದ್ದಳಂತೆ. ಗರ್ಭ ನಿಂತಾಗ ಅದೇ ಅತ್ತೆ ಚರ್ಚಿನಲ್ಲಿ ಎದ್ದುನಿಂತು, ದೇವರು ನಮ್ಮ ಸೊಸೆಯನ್ನು ನೆನೆಸಿಕೊಂಡ ಎಂದು ಸಾಕ್ಷಿ ಹೇಳಿದ್ದಳು. ತಪಾಸಣೆಗೆ ಬಂದಾಗ ಶಾಂತಾ ಇದನ್ನೆಲ್ಲ ನಗುತ್ತ ಹೇಳುತ್ತಿದ್ದಳು.

ಎಂಟನೇ ತಿಂಗಳಲ್ಲಿ, ಮಗು ಒದೆಯುತ್ತಿಲ್ಲ ಎಂದು ಬಂದಳು. ಡಾಪ್ಲರ್ ಎಂದರೆ ಹೊಟ್ಟೆಯ ಮೇಲಿಟ್ಟು ಮಗುವಿನ ಎದೆಬಡಿತ ಕೇಳುವ ಯಂತ್ರ. ಅದರಲ್ಲಿ ಅವಳದೇ ನಾಡಿಯ ಸದ್ದು ಬಿಟ್ಟರೆ ಏನೂ ಕೇಳಲಿಲ್ಲ. ಸ್ಕ್ಯಾನ್ ಕೂಡ ಅದನ್ನೇ ಹೇಳಿತು. ಹೀಗಾದಾಗ ಸಾಮಾನ್ಯವಾಗಿ ಔಷಧ ಕೊಟ್ಟು ಸಹಜ ಹೆರಿಗೆಯನ್ನೇ ಮಾಡಿಸುತ್ತಾರೆ. ಸತ್ತಿದೆ ಎಂದು ಗೊತ್ತಿದ್ದೂ ತಾಯಿ ಪೂರ್ತಿ ನೋವು ತಿನ್ನಬೇಕು. ಪಕ್ಕದ ಟೇಬಲ್ಲಿನಲ್ಲಿ ಇನ್ನೊಬ್ಬಳ ಮಗು ಅತ್ತಾಗ ಶಾಂತಾ ತಿಣುಕುವುದನ್ನು ನಿಲ್ಲಿಸಿ ಕೇಳಿಸಿಕೊಂಡಳು.

ಗಂಡು ಮಗು. ತಲೆ ತುಂಬ ಕೂದಲು. ಅತ್ತೆ ಬಾಗಿಲಲ್ಲೇ ಕೈಚಾಚಿದಳು. "ಪೋನೀಲೇ, ಹೋಗಿದ್ದು ಹೋಯ್ತು. ಅವ್ಳಿಗೆ ತೋರಿಸ್ಬೇಡಿ ಸಿಸ್ಟರ್. ನನ್ ಮಗ ಆಟೋ ತಂದವ್ನೆ."

"ಸಿಸ್ಟರ್, ಅವನ್ನ ನಂಗೆ ಕೊಡಿ," ಎಂದು ಶಾಂತಾ ಒಳಗಿನಿಂದ ಕೂಗಿದಳು.

ನಾನು ತಾಯಿಗೆ ಕೊಟ್ಟೆ. ಅವಳು ಮಗುವಿನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಳು. ಹಣೆಗೆ ಮುತ್ತಿಟ್ಟು, "ಜಕರೀಯ" ಎಂದಳು. ಹಾಗೆಂದರೇನು ಎಂದು ಕೇಳಿದೆ.

"ದೇವ್ರು ನೆನೆಸ್ಕೊಂಡ ಅಂತ."

ಅತ್ತೆ ನಕ್ಕೇಬಿಟ್ಟಳು. "ಸತ್ತಿರೋದಕ್ಕೆ ಆ ಹೆಸ್ರಾ? ನಿನ್ ಹೊಟ್ಟೇನೇ ಗೋರಿ ಕಣೇ. ಇದಕ್ಕೇ ನೆನೆಸ್ಕೊಂಡಿದ್ದು ನಿನ್ನ."

ಶಾಂತಾ ತಲೆಯೆತ್ತಲಿಲ್ಲ. ನನಗೆ ಹೇಳಿದಳು: "ನಮ್ ಬೈಬಲ್‌ನಲ್ಲಿ ದೇವ್ರು ನೆನೆಸ್ಕೊಂಡ ಅಂದ್ರೆ ಸುಮ್ನೆ ಮನಸಲ್ಲಿ ಅಂದ್ಕೊಳ್ಳೋದಲ್ಲ ಸಿಸ್ಟರ್. ನೋಹನ್ನ ನೆನೆಸ್ಕೊಂಡ, ಗಾಳಿ ಬೀಸಿ ನೀರಿಳಿಸ್ದ. ಹನ್ನಳನ್ನ ನೆನೆಸ್ಕೊಂಡ, ಮಗು ಕೊಟ್ಟ. ನೆನೆಸ್ಕೊಂಡ್ರೆ ಏನಾದ್ರೂ ಮಾಡ್ಲೇಬೇಕು. ಇವ್ನಿಗಿನ್ನೂ ಏನೂ ಮಾಡಿಲ್ಲ. ಮಾಡೋವರ್ಗೂ ಇದೇ ಹೆಸ್ರು ಹಿಡ್ದು ಕೂಗ್ತೀನಿ. ಕೇಳಿಸ್ಲಿ ಆ ದೇವ್ರಿಗೆ."

ಅತ್ತೆ ಮಗುವನ್ನು ಅವಳ ತೋಳಿನಿಂದ ಎಳೆದುಕೊಂಡು ಹೊರಟಳು. ಗಂಡ ಒಳಗೆ ಬರಲೇ ಇಲ್ಲ. ಮೂರನೆಯ ದಿನ ಶಾಂತಾಳ ಎದೆಯಲ್ಲಿ ಹಾಲು ತುಂಬಿ ರವಿಕೆ ತೋಯ್ದಾಗ ಮನೆಯವರು ಯಾರೂ ಹತ್ತಿರವಿರಲಿಲ್ಲ. ಹಾಲು ಬತ್ತಲೆಂದು ನಾನೇ ಎದೆಗೆ ಬಟ್ಟೆ ಕಟ್ಟಿದೆ.

ಕೆಲವು ತಿಂಗಳಾದ ಮೇಲೆ ಅವಳು ವಾರ್ಡಿಗೆ ಬಂದಳು. ಗಂಡ ಅವಳನ್ನು ಕ್ಯಾಲನೂರಿನ ತವರಿಗೆ ಕಳಿಸಿ, ಬೇರೆ ಹೆಣ್ಣು ನೋಡುತ್ತಿದ್ದ. ಮಗುವನ್ನು ಎಲ್ಲಿ ಹೂತರೆಂದು ಮಾತ್ರ ಗಂಡ, ಅತ್ತೆ ಇಬ್ಬರೂ ಬಾಯಿಬಿಟ್ಟಿರಲಿಲ್ಲ.

"ಆಟೋ ಯಾವ್ ಕಡೆ ಹೋಯ್ತು, ನೀವೇನಾದ್ರೂ ನೋಡಿದ್ರಾ ಸಿಸ್ಟರ್?"

ನೋಡಿರಲಿಲ್ಲ. ಈಗಲೂ ಚರ್ಚಿಗೆ ಹೋಗುತ್ತೀಯಾ ಎಂದು ಕೇಳಿದೆ.

"ಹೋಗ್ತೀನಿ. ಜಗಳ ಇನ್ನೂ ಮುಗ್ದಿಲ್ವಲ್ಲ," ಎಂದಳು.

ನಿವೃತ್ತಳಾಗುವವರೆಗೂ ನಾನು ತಾಯಿಯನ್ನು ಕೇಳದೆ ಸತ್ತು ಹುಟ್ಟಿದ ಯಾವ ಮಗುವನ್ನೂ ಬೇರೆಯವರ ಕೈಗೆ ಕೊಡಲಿಲ್ಲ. ಕೆಲವರು ನೋಡಲಾರೆ ಎಂದರು, ಕೆಲವರು ನನ್ನನ್ನೇ ಬೈದರು. ತಾಯಿ ಮರೆತರೆ ಹಗುರಾಗುವುದು ಸುತ್ತ ನಿಂತವರಿಗೆ ಎಂಬುದನ್ನು ನನಗೆ ಈ ಕೆಲಸ ಕಲಿಸಿತು.