ಆಫ್ರಿಕಾಕ್ಕೆ ಒಂದೇ ಮೇಜು

ಪಾಟ್‌ಲಕ್ ಊಟದಲ್ಲಿ ಅಡಿಗೆಗಿಂತ ಅದರ ಮುಂದೆ ನಿಲ್ಲಿಸುವ ಚೀಟಿಯೇ ಹೆಚ್ಚು ಖಾರ ಎಂಬುದನ್ನು ನೀವೂ ಗಮನಿಸಿರಬಹುದು. ಒಬ್ಬೊಬ್ಬರು ಒಂದೊಂದು ಪದಾರ್ಥ ತಂದು ಎಲ್ಲರೂ ಹಂಚಿಕೊಂಡು ಉಣ್ಣುವ ಈ ಪದ್ಧತಿ ದೂರದಿಂದ ನೋಡಲು ಬಹಳ ಸೌಹಾರ್ದದ್ದು. ಆದರೆ ಯಾವ ಪಾತ್ರೆ ಯಾವ ಊರಿನದು ಎಂದು ಬರೆಯುವ ಗಳಿಗೆ ಬಂತೆಂದರೆ, ಸಕ್ಕರೆ ಕಾಯಿಲೆಯ, ಮಂಡಿ ನೋವಿನ, ಪರಮ ಸಾತ್ವಿಕರಾದ ವೃದ್ಧರೂ ತೊಡೆ ತಟ್ಟಿ ನಿಲ್ಲುತ್ತಾರೆ. ಆ ವೃದ್ಧರಲ್ಲಿ ನಾನೂ ಒಬ್ಬ.

ಹಿಂದೊಮ್ಮೆ ಈ ಪರದೇಶದಲ್ಲಿ ನಮ್ಮ ಊರಾದ ಮೆಟುಚೆನ್‌ನ ಕನ್ನಡಿಗರೆಲ್ಲ ಸೇರಿದ್ದ ಊಟದಲ್ಲಿ ನನ್ನ ಹೆಂಡತಿ ನೀಲಮ್ಮ ಬಡಿದ ಜೋಳದ ರೊಟ್ಟಿಯ ಮುಂದೆ ಮೈಸೂರಿನ ವಸಂತಮ್ಮನವರು 'ಧಾರವಾಡದ ರೊಟ್ಟಿ' ಎಂದು ಚೆಂದದ ಅಕ್ಷರದಲ್ಲಿ ಬರೆದಿಟ್ಟಿದ್ದರು. ನಾವು ಬೀದರ್ ಸೀಮೆಯ ಹುಮನಾಬಾದಿನವರು. ಧಾರವಾಡಕ್ಕೂ ನಮಗೂ ನಡುವೆ ಒಂದು ರಾತ್ರಿಯ ಬಸ್ ಪ್ರಯಾಣ ಅದ ರೀ ಎಂದೆ. "ಅಯ್ಯೋ, ಎಲ್ಲಾ ಆ ಕಡೆನೇ ಅಲ್ವಾ ಶರಣಪ್ಪನವರೇ!" ಎಂದು ಅವರು ನಕ್ಕು ಕೋಸಂಬರಿ ಕಲಸಲು ಹೋದರು. 'ಆ ಕಡೆ' ಎಂಬ ಆ ಎರಡು ಪದದಲ್ಲಿ ನಮ್ಮ ನಿಜಾಮ, ನಮ್ಮ ಉರ್ದು, ನಮ್ಮ ಕೆಂಪು ಮಣ್ಣು, ನಮ್ಮ ಪುಂಡಿ ಪಲ್ಯ ಎಲ್ಲವೂ ಒಂದೇ ಚೀಲಕ್ಕೆ ಬಿದ್ದು ಬಾಯಿ ಕಟ್ಟಿಸಿಕೊಂಡವು. ಆ ದಿನ ನಾನು ರೊಟ್ಟಿ ಮುಟ್ಟಲಿಲ್ಲ. ಮನೆಗೆ ಬಂದು ಮುಟ್ಟಿದೆ. ಅದು ಬೇರೆ ಮಾತು.

ಓದಿದ್ದು ಮೆಟ್ರಿಕ್‌ವರೆಗೆ. ಅಕ್ಕ ಸ್ಪಾನ್ಸರ್ ಮಾಡಿದ್ದರಿಂದ ಈ ದೇಶ ಕಂಡೆ, ಎಡಿಸನ್ನಿನ ಒಂದು ದಿನಸಿ ಅಂಗಡಿಯ ಕೌಂಟರಿನಲ್ಲಿ ಆಯುಷ್ಯದ ದೊಡ್ಡ ಭಾಗ ನಿಂತು ಕಳೆದೆ. ಬುಟ್ಟಿಯಲ್ಲಿ ಬಿದ್ದ ಬೇಳೆ ನೋಡಿಯೇ ಗಿರಾಕಿ ಗುಂಟೂರಿನವನೋ ಕೊಯಮತ್ತೂರಿನವನೋ ಹೇಳಬಲ್ಲೆನೆಂಬ ಅಹಂಕಾರ ನನಗಿತ್ತು. ಜಗತ್ತಿನ ಭೂಗೋಳವೇ ನನ್ನ ತಕ್ಕಡಿಯ ಮೇಲೆ ಹಾದುಹೋಗಿದೆ ಎಂದುಕೊಂಡಿದ್ದೆ. ಅದು ಜಗತ್ತಲ್ಲ, ಅದರ ಒಂದು ಓಣಿ ಎಂದು ಈಗ ತಿಳಿದಿದೆ.

ನಿವೃತ್ತಿಯ ಮೇಲೆ ನನಗೆ ಸಿಕ್ಕ ಒಬ್ಬನೇ ಸ್ನೇಹಿತ ಕೋಜೋ. ಶಾಲೆಯ ಬಸ್ ಓಡಿಸಿ ನಿವೃತ್ತನಾದವನು, ನನಗಿಂತ ಒಂದು ಗೇಣು ಎತ್ತರ, ನಗುವುದು ಮಾತ್ರ ಹುಡುಗಿಯರಂತೆ ಬಾಯಿಗೆ ಕೈ ಅಡ್ಡ ಹಿಡಿದು. ರೈಲು ಹಳಿ ಕಿತ್ತು ನಡಿಗೆಯ ದಾರಿ ಮಾಡಿದ್ದಾರಲ್ಲ, ಅಲ್ಲಿ ಬೆಳಗಿನ ಹೊತ್ತು ಇಬ್ಬರೂ ನಡೆಯುತ್ತೇವೆ. ನಡೆಯುವುದು ಇಬ್ಬರು, ಮಾತಾಡುವುದು ಒಬ್ಬ. ನನ್ನ ಅಜ್ಜ ನಿಜಾಮನ ಸೀಮೆಯಲ್ಲಿ ಉರ್ದುವಿನಲ್ಲಿ ರುಜು ಹಾಕುತ್ತಿದ್ದದ್ದು, ಅವನ ಷಡ್ಡಕ ಮುಂಬೈ ಸರ್ಕಾರದ ಸೀಮೆಯಲ್ಲಿ ಮರಾಠಿ ಶಾಲೆಗೆ ಹೋದದ್ದು, ಇಬ್ಬರೂ ಮನೆಯಲ್ಲಿ ಜಗಳವಾಡುತ್ತಿದ್ದದ್ದು ಮಾತ್ರ ಕನ್ನಡದಲ್ಲಿ, ಕೊನೆಗೆ ಚೂರುಚೂರಾಗಿದ್ದ ನಾಡು ಏಕೀಕರಣವಾಗಿ ಒಂದಾದದ್ದು ಎಲ್ಲವನ್ನೂ ನನ್ನ ಹರಕು ಇಂಗ್ಲಿಷಿನಲ್ಲಿ ಅವನಿಗೆ ಕಂತು ಕಂತಾಗಿ ಹೇಳಿದ್ದೆ. ಅವನೋ ಪ್ರಶ್ನೆ ಕೇಳಿ ಕೇಳಿ ಹೇಳಿಸಿದ. ನಾನು ಅವನನ್ನು ಏನು ಕೇಳಿದ್ದೆ? ಮೊದಲ ದಿನ, "ಆಫ್ರಿಕಾದವರಾ?" ಎಂದಿದ್ದೆ. ಹೌದು ಎಂದಿದ್ದ. ಅಲ್ಲಿಗೆ ನನ್ನ ಕುತೂಹಲದ ಹೊಟ್ಟೆ ತುಂಬಿತ್ತು.

ಈ ಶರತ್ಕಾಲದಲ್ಲಿ ನಮ್ಮ ಹಿರಿಯರ ಕ್ಲಬ್ಬಿನವರು ಚರ್ಚಿನ ನೆಲಮಾಳಿಗೆಯಲ್ಲಿ ಎಲ್ಲ ದೇಶಗಳ ಊಟ ಇಟ್ಟುಕೊಂಡರು. ವ್ಯವಸ್ಥೆ ನೋಡುವ ಡಯಾನ್ ಎಂಬಾಕೆ, ಅಂಗಡಿಯಲ್ಲಿದ್ದವನೆಂದು, ಮೇಜು ಜೋಡಿಸುವ ಕೆಲಸ ನನಗೆ ಒಪ್ಪಿಸಿದಳು. ಅಧಿಕಾರ ಮನುಷ್ಯನನ್ನು ಹೇಗೆ ಮಾಡುತ್ತದೆ ನೋಡಿ. ಇಂಡಿಯಾಕ್ಕೆ ಒಂದು ಮೇಜು ಸಾಕಲ್ಲವೇ ಎಂದು ಆಕೆ ಕೇಳಿದ್ದೇ ತಡ, ನಾನು ಭಾಷಣಕ್ಕೆ ನಿಂತೆ. ಗುಜರಾತಿಗೊಂದು, ಪಂಜಾಬಿಗೊಂದು, ತಮಿಳರಿಗೊಂದು, ತೆಲುಗರಿಗೊಂದು ಮೇಜು ಗಿಟ್ಟಿಸಿದ್ದಲ್ಲದೆ ಕರ್ನಾಟಕದ ಮೇಜಿನ ನಟ್ಟನಡುವೆ ಹೂಕುಂಡ ಇಟ್ಟು ವಸಂತಮ್ಮನ ಬಿಸಿಬೇಳೆಭಾತಿಗೂ ನಮ್ಮ ರೊಟ್ಟಿಗೂ ಗಡಿ ಕೂಡ ಹಾಕಿದೆ. ಮೇಜುಗಳು ಮುಗಿಯುತ್ತ ಬಂದವು. ಬಾಗಿಲ ಹತ್ತಿರ ಉಳಿದ ಒಂದರ ಮೇಲೆ 'ಆಫ್ರಿಕಾ' ಎಂದು ಬರೆದು ನಿಲ್ಲಿಸಿದೆ.

ಡಯಾನ್ ಅನುಮಾನಿಸಿದಳು. "ಇಥಿಯೋಪಿಯಾದವರಿದ್ದಾರೆ, ಮೊರಾಕ್ಕೊದವರಿದ್ದಾರೆ, ನೈಜೀರಿಯಾದವರಿದ್ದಾರೆ. ಒಂದೇ ಮೇಜು ಸಾಲುತ್ತದಾ?"

"ಅವರದೆಲ್ಲ ಒಂದೇ," ಎಂದೆ ನಾನು, ತಕ್ಕಡಿಯ ಹಿಂದೆ ನಿಂತವನ ಧಾಟಿಯಲ್ಲಿ. "ಅವರಿಗೇನೂ ಅನ್ನಿಸೋದಿಲ್ಲ."

ತಿರುಗಿದರೆ ಹಿಂದೆ ಕೋಜೋ, ಬಿಳಿ ಅಂಗಿ ಇಸ್ತ್ರಿ ಮಾಡಿಸಿ ತೊಟ್ಟು, ಟವಲ್ ಸುತ್ತಿದ ಪಾತ್ರೆ ಎದೆಗವಚಿಕೊಂಡು ನಿಂತಿದ್ದ. "ಗುಡ್ ಮಾರ್ನಿಂಗ್, ಶರಣ್," ಎಂದು ಪಾತ್ರೆಯನ್ನು ಆ ಮೇಜಿನ ಮೇಲಿಟ್ಟ.

ವಿಚಿತ್ರವೆಂದರೆ ಆ ದಿನ ಎಲ್ಲಕ್ಕಿಂತ ಗಲಗಲ ಎಂದದ್ದು ಅದೇ ಮೇಜು. ಪರಸ್ಪರ ಮುಖ ಪರಿಚಯವಿಲ್ಲದವರು ಕುರ್ಚಿ ಎಳೆದುಕೊಂಡು, ಅನ್ನ ಯಾರ ದೇಶದ್ದು ರುಚಿ ಎಂದು ಕಿತ್ತಾಡಿ, ಒಬ್ಬರ ತಟ್ಟೆಗೆ ಒಬ್ಬರು ಬಡಿಸಿದರು. ನಮ್ಮ ಮೇಜುಗಳಲ್ಲಿ ಎಲ್ಲರೂ ತಂತಮ್ಮ ಪಾತ್ರೆಗೆ ಕಾವಲು ನಿಂತಿದ್ದೆವು. ನೋಡಿದಿಯಾ, ನಾನು ಹೇಳಿದ್ದೇ ಸರಿ ಎಂದು ನನ್ನೊಳಗಿನ ವಕೀಲ ಬೆನ್ನು ಚಪ್ಪರಿಸಿದ.

ಮರುದಿನ ಕೋಜೋ ನಡಿಗೆಗೆ ಬರಲಿಲ್ಲ. ಆಮೇಲೂ ಬರಲಿಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ. ಕೇಳುವವರಿಲ್ಲದ ದಾರಿಯಲ್ಲಿ ನಡೆಯುತ್ತ, ನನ್ನ ಮೌನವೂ ನನಗೆ ಎಷ್ಟು ಬೇಸರದ ಸಂಗಾತಿ ಎಂದು ಗೊತ್ತಾಯಿತು. ಈ ವಯಸ್ಸಿನಲ್ಲಿ ಸ್ನೇಹಿತ ಹೋದರೆ ಇನ್ನೊಬ್ಬ ಹುಟ್ಟುವುದಿಲ್ಲ. ಕೊನೆಗೆ ನೀಲಮ್ಮನ ಮುಂದೆ ಎಲ್ಲ ಕಕ್ಕಿದೆ.

"ಹಂಗಂದ್ರಿ? ಅವನು ಕೇಳಂಗ?" ಎಂದು ಅವಳು ಹಂಚಿನ ಮೇಲಿನ ರೊಟ್ಟಿ ಅಲ್ಲೇ ಬಿಟ್ಟಳು. "ಮತ್ತ ಇಲ್ಲಿ ಕುಂತು ಏನ್ ಮಾಡ್ಲತ್ತೀರಿ? ಬಾಯಿ ಬಿಡಲಾಕ ನಿಮಗೇನು ಹೇಳಿಕೊಡಬೇಕಾ? ಹೋಗ್ರಿ, ಈ ಸರ್ತಿ ಒಳ್ಳೇದಕ್ಕ ಬಿಡ್ರಿ."

ಹೋದೆ. ಬಾಗಿಲು ತೆಗೆದ ಕೋಜೋ ನನ್ನನ್ನು ಕೂರಿಸಿ ಚಹಾ ಕೊಟ್ಟ. ಅದು ಬೈಗುಳಕ್ಕಿಂತ ಕಷ್ಟವಾಯಿತು. ನಾನು ಬಾಯಿಪಾಠ ಮಾಡಿಕೊಂಡು ಹೋಗಿದ್ದೆ: ನಿನ್ನ ದೇಶಕ್ಕೆ ಬೇರೆ ಮೇಜು ಕೊಡಬೇಕಿತ್ತು, ತಪ್ಪಾಯಿತು.

"ಬೇರೆ ಮೇಜು ನನಗ್ಯಾಕೆ?" ಎಂದ. "ನನ್ನ ಊರು ಘಾನಾದ ಅಂಚಿನಲ್ಲಿದೆ. ಅಮ್ಮನ ಊರು ಗಡಿಯ ಆಚೆ, ಟೋಗೋದಲ್ಲಿ. ಎರಡೂ ಕಡೆ ನಮ್ಮದೇ ಎವೆ ಭಾಷೆ. ನಾನು ಶಾಲೆಯಲ್ಲಿ ಇಂಗ್ಲಿಷ್ ಕಲಿತೆ, ನನ್ನ ಚಿಕ್ಕಮ್ಮನ ಮಕ್ಕಳು ಫ್ರೆಂಚ್ ಕಲಿತರು. ಯಾವ ಮೇಜಿನಲ್ಲಿ ಕೂರಲಿ?"

ಅಜ್ಜ ಮತ್ತು ಅವನ ಷಡ್ಡಕ ಇಬ್ಬರೂ ಆ ಕೋಣೆಯಲ್ಲೇ ಬಂದು ಕೂತಂತಾಯಿತು.

ಕೋಜೋನ ಅಪ್ಪ ಮೇಷ್ಟ್ರಂತೆ. ಇಡೀ ಖಂಡ ಒಂದು ದಿನ ಒಂದೇ ರಾಜ್ಯವಾಗುತ್ತದೆ ಎಂದು ನಂಬಿದ್ದವನು. ಕರಿಹಲಗೆಯ ಮೇಲೆ ಆಫ್ರಿಕಾ ಬರೆದರೆ ಹೊರಗೆರೆ ಮಾತ್ರ ಎಳೆದು, ಒಳಗಿನ ಗಡಿ ಒಂದನ್ನೂ ಹಾಕದೆ ಶಾಲಾ ಇನ್‌ಸ್ಪೆಕ್ಟರರಿಂದ ಬೈಸಿಕೊಳ್ಳುತ್ತಿದ್ದನಂತೆ. "ಆ ಮೇಜು ನೋಡಿದ್ದರೆ ನನ್ನಪ್ಪ ಕುಣಿದಾಡುತ್ತಿದ್ದ," ಎಂದು ಕೋಜೋ ಎಂದಿನಂತೆ ಬಾಯಿಗೆ ಕೈ ಹಿಡಿದು ನಕ್ಕ. ಆಮೇಲೆ ಕೈ ಇಳಿಸಿದ. "ಆದರೆ ಶರಣ್, ಗೆರೆ ಅಳಿಸಿದವನು ಅವನು. ಅಷ್ಟೂ ಗೆರೆ ಅವನಿಗೆ ಗೊತ್ತಿದ್ದವು. ನೀನು ಅಳಿಸಲಿಲ್ಲ. ನೋಡಲೇ ಇಲ್ಲ."

ಚಹಾ ಆರುತ್ತಿತ್ತು.

"ನಿನ್ನ ಊರಿನ ಕೆರೆಯ ಹೆಸರು ಕೂಡ ನನಗೆ ಬರುತ್ತದೆ," ಎಂದ, ಬಹಳ ಮೆಲ್ಲಗೆ.

ಓದುಗ ಮಿತ್ರರೇ, ಒಗ್ಗಟ್ಟಿನ ಬಗ್ಗೆ ದೊಡ್ಡವರು ಏನೇನೋ ಹೇಳಿದ್ದಾರೆ. ಮೆಟ್ರಿಕ್ ಓದಿದ ನಾನು ಸೇರಿಸುವುದೇನಿದೆ? ದೊಡ್ಡ ಹೆಸರೊಂದರ ಕೆಳಗೆ ತಾವಾಗಿ ಬಂದು ಕೂತವರು ಬೇರೆ, ಇನ್ನೊಬ್ಬರ ಸೋಮಾರಿತನದಿಂದ ಅಲ್ಲಿ ಕೂತವರು ಬೇರೆ ಎಂಬಷ್ಟು ನನಗೆ ಆ ಸೋಫಾದ ಮೇಲೆ ತಿಳಿಯಿತು. ವಸಂತಮ್ಮನ ಮೇಲೆ ಇಷ್ಟು ಕಾಲ ಸಾಕಿಕೊಂಡಿದ್ದ ಕೋಪವೂ ಅಲ್ಲೇ ನಾಚಿ ಎದ್ದುಹೋಯಿತು. ಆಕೆ ಚೀಟಿಯನ್ನಷ್ಟೇ ತಪ್ಪು ಬರೆದಿದ್ದರು.

ಬಾಯಿಪಾಠ ಮಾಡಿದ್ದು ಮುಗಿದಿತ್ತು. ಆದ್ದರಿಂದ, ಬಹಳ ತಡವಾಗಿ, ಕೇಳಿದೆ: "ನಿಮ್ಮಮ್ಮನ ಊರು ಯಾವುದು?"

ಅವನು ಹೇಳಿದ. ಕ್ಪಾಲಿಮೆ ಎಂದು ನಾನಿಲ್ಲಿ ಬರೆದಿದ್ದೇನೆ, ಆದರೆ ಅದರ ಉಚ್ಚಾರ ಹಾಗಲ್ಲ. ಮರುದಿನ ಬೆಳಿಗ್ಗೆ ನಡಿಗೆಯ ದಾರಿಯಲ್ಲಿ ಕೋಜೋ ನನ್ನ ಮುಂದೆ ಹಿಮ್ಮುಖವಾಗಿ ನಡೆಯುತ್ತ ಮೇಷ್ಟ್ರ ಮಗನಂತೆಯೇ ಪಾಠ ಹೇಳಿದ. ನಾನು 'ಕ' ಎಂದು ಶುರು ಮಾಡಿ 'ಪ'ಗೆ ಜಾರಿದರೆ ತಲೆ ಅಲ್ಲಾಡಿಸಿದ. ಮೊದಲು 'ಪ' ಎಂದರೂ ಅಲ್ಲಾಡಿಸಿದ. ಸೈಕಲ್ಲಿನಲ್ಲಿ ಹೋಗುತ್ತಿದ್ದ ಹುಡುಗಿಯೊಬ್ಬಳು "ಆರ್ ಯು ಓಕೆ, ಅಂಕಲ್?" ಎಂದು ಕಾಲೂರಿ ನಿಂತಳು.

"ಓಕೆ, ಓಕೆ, ಕಲಿಯುತ್ತಿದ್ದಾನೆ," ಎಂದು ಅವಳನ್ನು ಕಳಿಸಿ ಕೋಜೋ ನನ್ನ ಕಡೆ ತಿರುಗಿದ. "ಎರಡನ್ನೂ ಒಟ್ಟಿಗೆ ಹೇಳಬೇಕು ಶರಣ್. ಯಾವುದೂ ಮೊದಲು ಬರಬಾರದು. ಇನ್ನೊಮ್ಮೆ."