ಭಂಡಾರ ಮೆತ್ತಿದ ಪಿನ್ನುಗಳು

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಬೈಲಹೊಂಗಲದಲ್ಲಿ ನನ್ನನ್ನು ಬಲ್ಲವರೆಲ್ಲ ಹೇಳುತ್ತಾರೆ. ಹೇಳಲಿ, ಸುಳ್ಳೇನಲ್ಲ. ಊರ ಹೊರಗೆ ನನ್ನದೊಂದು ತಗಡಿನ ಶೆಡ್ಡು. ಒಳಗೆ ನಾಲ್ಕು ಲೇತ್ ಯಂತ್ರ, ಆರು ಜನ. ಟ್ರ್ಯಾಕ್ಟರಿನ ಬುಶ್, ಪಂಪಿನ ಶಾಫ್ಟು ಮಾಡಿಕೊಂಡು ಸುಮ್ಮನಿದ್ದ ನನಗೆ ಸಣ್ಣ ಸಾಮಾನಿನ ಹುಚ್ಚು ಹಿಡಿಸಿದವರು ಲೇತಿನಲ್ಲಿ ಲೋಹ ಕಡೆಯುವ ನಮ್ಮ ಟರ್ನರ್. ಕಟಕೋಳದವರು, ನಮ್ಮಪ್ಪನ ಕಾಲದಿಂದಲೂ ಇದ್ದಾರೆ. ನಾನು ಅವರಿಗೆ ಕಾಕಾ ಎನ್ನುತ್ತೇನೆ. ಜೋಳದ ಕಾಳಿನಷ್ಟು ಉದ್ದದ ಹಿತ್ತಾಳೆ ಪಿನ್ನನ್ನು ಕಡೆದು, ಎರಡು ಬೆರಳ ನಡುವೆ ಹೊರಳಿಸಿ, ಇದು ದಪ್ಪಾಯಿತು ಎಂದು ಪಕ್ಕಕ್ಕಿಡುತ್ತಾರೆ. ಮೈಕ್ರೋಮೀಟರಿನಲ್ಲಿ ಅಳೆದರೆ ಅದು ದಪ್ಪವೇ ಇರುತ್ತದೆ.

ಹೋದ ವರ್ಷ ಅವರ ಕಣ್ಣಿನ ಪೊರೆ ತೆಗೆದರು. ಅಂದಿನಿಂದ, ಇವರ ಕಣ್ಣು ಇನ್ನು ಈ ಕೆಲಸಕ್ಕೆ ಸಾಲದೇನೋ ಎಂಬ ಹುಳ ನನ್ನ ತಲೆ ಹೊಕ್ಕಿತು. ಆಗಲೇ ಬೆಳಗಾವಿಯಲ್ಲಿ ಸೂಕ್ಷ್ಮ ಬಿಡಿಭಾಗ ತಯಾರಿಸುವವರ ಮೇಳವೊಂದು ಬಂತು. ಮೇಳದಲ್ಲಿ ಗಿರಾಕಿಗಳು ಅಳೆದಾಗ ಪಿನ್ನು ಪಾಸಾದರೆ ಪಿನ್ನು ಕಡೆಯುವ ಸಣ್ಣ ಲೇತ್ ನಿಮ್ಮ ಕೈಯಲ್ಲೇ ಇರುತ್ತದೆ, ಇಲ್ಲದಿದ್ದರೆ ಇನ್ನು ಮುಂದೆ ಪ್ಯಾಕಿಂಗ್ ಮೇಜಿಗೆ ಕೂತುಬಿಡಿ ಎಂದೆ. ಅಷ್ಟು ವರ್ಷ ಲೇತಿನ ಮುಂದೆ ನಿಂತ ಮನುಷ್ಯನಿಗೆ ಹೀಗೆ ಹೇಳಲು ನನಗೆ ಬಾಯಾದರೂ ಹೇಗೆ ಬಂತೋ. ಅವರು ‘ಆತ್ರಿ’ ಅಂದರು, ಅಷ್ಟೇ.

ಇಪ್ಪತ್ತು ಪಿನ್ನು ಮಾಡಿ, ತೆಳ್ಳಗೆ ಎಣ್ಣೆ ಸವರಿ, ಸ್ಟೀಲಿನ ಡಬ್ಬಿಗೆ ಹಾಕಿ ಕೊಟ್ಟರು. ಮೇಳದಲ್ಲಿ ಅಳೆಯುವತನಕ ಮುಚ್ಚಳ ತೆಗೆಯಬೇಡಿ ಎಂದೂ ಹೇಳಿದರು. ನಾನು ಕೇಳುವವನೇ? ಅವತ್ತು ಸವದತ್ತಿಗೆ ಏನೋ ಕೆಲಸಕ್ಕೆ ಹೋದವನು ಗುಡ್ಡದ ದೇವಿಯ ಗುಡಿಗೂ ಹೋಗಿ ಅರಿಸಿನದ ಭಂಡಾರ ತಂದಿದ್ದೆ. ನಮ್ಮ ಮನೆಗೆ ಟ್ರ್ಯಾಕ್ಟರ್ ಬರಲಿ, ಕುಕ್ಕರ್ ಬರಲಿ, ಮೊದಲು ಅದಕ್ಕೆ ಭಂಡಾರ ಬೀಳಬೇಕು. ಪಿನ್ನಿಗೂ ಬಿತ್ತು. ದೇವರ ಜಗುಲಿಯ ಮುಂದೆ ಮುಚ್ಚಳ ತೆಗೆದು ಎರಡು ಚಿಟಿಕೆ ಉದುರಿಸಿ, ಒಮ್ಮೆ ಅಲ್ಲಾಡಿಸಿ, ಮತ್ತೆ ಮುಚ್ಚಿದೆ. ಅರಿಸಿನದ ಪುಡಿಯ ಬಣ್ಣವೂ ಹಿತ್ತಾಳೆಯ ಬಣ್ಣವೂ ಒಂದೇ, ಏನೂ ಕಾಣಲಿಲ್ಲ. ದೇವರ ಕೆಲಸಕ್ಕೆ ಯಾರನ್ನು ಕೇಳುವುದು ಎಂದುಕೊಂಡು ಮರೆತುಬಿಟ್ಟೆ.

ಮೇಳವೆಂದರೆ ಮೇಳ. ಮನೆಯಷ್ಟು ದೊಡ್ಡ ಯಂತ್ರಗಳು ಜೀರಿಗೆಯಷ್ಟು ಸಣ್ಣ ಸ್ಕ್ರೂ ಉದುರಿಸುತ್ತಿದ್ದವು. ಜನ ಭೂತಗನ್ನಡಿ ಹಿಡಿದು ಮಳಿಗೆಯಿಂದ ಮಳಿಗೆಗೆ ಅಲೆಯುತ್ತಿದ್ದರು. ಅಲ್ಲಿ ಕೊಟ್ಟ ಚಹಾದ ಕಪ್ಪೂ ಸೂಕ್ಷ್ಮ ಬಿಡಿಭಾಗದ ಅಳತೆಯದೇ. ನಮಗೆ ಸಿಕ್ಕದ್ದು ಮೂಲೆಯ ಅರ್ಧ ಮಳಿಗೆ. ಕಾಕಾ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ನೆಟ್ಟಗೆ ನಿಂತಿದ್ದರು.

ಮಧ್ಯಾಹ್ನ ಪುಣೆಯಲ್ಲಿ ಕರೆಂಟಿನ ಮೀಟರ್ ಮಾಡುವ ಕಾರ್ಖಾನೆಯೊಂದರ ಇಂಜಿನಿಯರ್ ಹೆಂಗಸೊಬ್ಬರು ಬಂದರು, ಅವರ ಕಡೆಯ ಮಾತಿನಲ್ಲಿ ಬಾಯಿ. ಮಾತೆಲ್ಲ ಮರಾಠಿಯಲ್ಲಿ, ನನಗೆ ಅಷ್ಟಿಷ್ಟು ಬರುತ್ತದೆ, ಕಾಕಾಗೂ ಬರುತ್ತದೆ. ಹತ್ತು ಪಿನ್ನು ತೆಗೆದು ತಮ್ಮದೇ ಮೈಕ್ರೋಮೀಟರಿನಲ್ಲಿ ಅಳೆದರು. ಏಳು ದಪ್ಪ. ಕೂದಲನ್ನು ಉದ್ದಕ್ಕೆ ಹತ್ತು ಸೀಳು ಮಾಡಿದರೆ ಒಂದು ಸೀಳಿನಷ್ಟು ದಪ್ಪ. ಆದರೆ ಅಷ್ಟಾದರೂ ಸಾಕು, ಅವರು ಮಾಡುವ ಮೀಟರಿನ ತೂತಿನಲ್ಲಿ ಪಿನ್ನು ಕೂರುವುದಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು.

“ಕಣ್ಣ ಹೋಗ್ಯಾವ ಅಂತ ಒಪ್ಕೊಳ್ಳಾಕ ಏನ ಧಾಡಿ ನಿನಗ?”

ಅಕ್ಕಪಕ್ಕದ ಮಳಿಗೆಯವರೆಲ್ಲ ತಿರುಗಿ ನೋಡಿದರು. ಅಷ್ಟು ವರ್ಷಗಳಲ್ಲಿ ಕಾಕಾ ಅವರನ್ನು ನಾನು ಏಕವಚನದಲ್ಲಿ ಕರೆದದ್ದು ಅದೇ ಮೊದಲು.

ಕಾಕಾ ಒಂದು ಪಿನ್ನು ತೆಗೆದುಕೊಂಡು ಬೆರಳಲ್ಲಿ ಹೊರಳಿಸಿದರು. ಬೆರಳು ಮೂಸಿದರು. ನನ್ನ ಮುಖ ನೋಡಿದರು. ಆಮೇಲೆ ಬಾಯಿಯವರ ಕಡೆ ತಿರುಗಿ, ಒರೆಸಿ ಕೊಡುವುದನ್ನು ಮರೆತೆ, ತಪ್ಪು ನನ್ನದೇ ಎಂದರು. ಪೆಟ್ರೋಲಿನಲ್ಲಿ ತೊಳೆದು, ಬಿಳಿ ಬಟ್ಟೆಯಲ್ಲಿ ಒಂದೊಂದಾಗಿ ಒರೆಸಿದರು. ಬಟ್ಟೆ ಹಳದಿಯಾಯಿತು. ಅದನ್ನು ಕಂಡಾಗಲೇ, ಎಣ್ಣೆಗೆ ಮೆತ್ತಿಕೊಂಡ ಭಂಡಾರದಿಂದ ಪಿನ್ನು ದಪ್ಪವಾಗಿತ್ತು ಎಂದು ನನ್ನ ಬುದ್ಧಿಗೆ ಹೊಳೆದದ್ದು. ಬಾಯಿಯವರ ಕಣ್ಣಿಗೆ ಬೀಳುವ ಮೊದಲೇ ಕಾಕಾ ಅದನ್ನು ಮಡಚಿ ಕಿಸೆಗೆ ಹಾಕಿಕೊಂಡರು.

ಮತ್ತೆ ಅಳೆದರೆ ಹತ್ತಕ್ಕೆ ಹತ್ತೂ ಪಾಸು. ಮೊದಲ ಆರ್ಡರ್ ಕೊಡುತ್ತೇನೆ ಎಂದರು ಬಾಯಿಯವರು. ಹಿಂದೆಯೇ, ಕೆಲಸ ಚೆನ್ನಾಗಿದೆ, ಆದರೆ ಇವರಿಗೆ ವಯಸ್ಸಾಯಿತು, ಕೊನೆಯ ತಪಾಸಣೆಗೆ ಬೇರೆಯವರನ್ನು ಹಚ್ಚಿ ಎಂದು ನನಗೆ ಬುದ್ಧಿ ಹೇಳಿದರು. ಕಾಕಾ ಮಾರು ದೂರದಲ್ಲಿ ನಿಂತಿದ್ದರು. ನಾನು ಹಲ್ಲು ಕಿರಿದು ಹೂಂ ಎಂದು ತಲೆಯಾಡಿಸಿದೆ. ಇವತ್ತಿಗೂ ನೆನೆದರೆ ನಾಚಿಕೆಯಾಗುತ್ತದೆ.

ಊರಿಗೆ ಮರಳುವಾಗ ಬಸ್ಸು ನೇಸರಗಿ ದಾಟಿದ ಮೇಲೆ ನನ್ನಿಂದ ತಡೆಯಲಾಗಲಿಲ್ಲ. ತಪ್ಪಾಯಿತು ಕಾಕಾ, ಅಲ್ಲೇ ಯಾಕೆ ಹೇಳಲಿಲ್ಲ ಎಂದು ಮೆಲ್ಲಗೆ ಕೇಳಿದೆ. ಭಂಡಾರದ ಮಾತು ಕೇಳಿ ಆ ಬಾಯಿ ನಕ್ಕಿದ್ದರೆ ನಿಮಗೆ ಅಷ್ಟು ಮಂದಿಯಲ್ಲಿ ಮುಖ ಎತ್ತಲಾಗುತ್ತಿರಲಿಲ್ಲ ಎಂದರು. ಆಮೇಲೆ ಕಿಟಕಿಯ ಕಡೆ ತಿರುಗಿ ಕೂತರು. ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಮರುದಿನ ಶೆಡ್ಡಿಗೆ ಹೋದರೆ ಕಾಕಾ ಪ್ಯಾಕಿಂಗ್ ಮೇಜಿನಲ್ಲಿ ಕೂತು ರಟ್ಟಿನ ಡಬ್ಬಿ ಮಡಚುತ್ತಿದ್ದಾರೆ. ಸಣ್ಣ ಲೇತಿಗೆ ಹೊದಿಕೆ ಹಾಕಿಟ್ಟಿದ್ದಾರೆ. ಪಿನ್ನು ಪಾಸಾಗಿವೆಯಲ್ಲ, ಏಳಿ ಎಂದೆ.

“ಪಿನ್ ಪಾಸ್ ಆಗ್ಯಾವ್ರಿ, ನಾ ಆಗಿಲ್ಲ,” ಅಂದರು. “ಬೈದಿದ್ದ ಬಿಡ್ರಿ, ನಿಮ್ಮಪ್ಪಾರೂ ಬೈತಿದ್ರು. ಬ್ಯಾರೇದವ್ರನ್ನ ಹಚ್ರಿ ಅಂದಾಗ ನೀವು ಗೋಣ ಹಾಕಿದ್ರಿ. ಗೋಣ ಹಾಕೂದು ಮಂದ್ಯಾಗ, ತಪ್ಪಾತು ಅನ್ನೂದು ಬಸ್ಸಿನ್ಯಾಗ ನನ್ನ ಕಿವ್ಯಾಗ. ಹೆಂಗ್ರಿ ಇದು?”

ನನಗೆ ಮತ್ತೆ ಸಿಟ್ಟು ಬಂತು. ಅದೂ ಅರ್ಧ ನಿಮಿಷ ನಿಲ್ಲಲಿಲ್ಲ. ಎಲ್ಲ ಯಂತ್ರ ನಿಲ್ಲಿಸಲು ಹೇಳಿ, ಶೆಡ್ಡಿನ ನಡುವೆ ನಿಂತು, ಎಲ್ಲರಿಗೂ ಕೇಳುವ ಹಾಗೆ ಸ್ಪೀಕರ್ ಹಾಕಿ ಪುಣೆಯ ಬಾಯಿಯವರಿಗೆ ಫೋನು ಹಚ್ಚಿದೆ. ಡಬ್ಬಿ ತೆಗೆದವನು ನಾನು, ಭಂಡಾರ ಹಾಕಿದವನು ನಾನು, ಅವರು ನನ್ನ ಮಾನ ಉಳಿಸಿದರು, ಅವರ ಕಣ್ಣಿಗೆ ಏನೂ ಆಗಿಲ್ಲ ಎಂದು ಹರಕು ಮುರುಕು ಮರಾಠಿಯಲ್ಲಿ ಹೇಳಿದೆ. ನಮ್ಮ ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಬಾಯಿಯವರು ನಗಲಿಲ್ಲ. ಕೊನೆಯ ತಪಾಸಣೆಗೆ ಯಾರನ್ನು ಇಡುತ್ತೀರಿ ಎಂದು ಕೇಳಿದರು. ಅವರನ್ನೇ ಎಂದೆ. ಹಾಗಾದರೆ ಅವರಿಗೇ ಫೋನು ಕೊಡಿ ಎಂದರು.

ಕಾಕಾ ಎದ್ದು ಬಂದು ಎರಡೂ ಕೈಯಲ್ಲಿ ಫೋನು ಹಿಡಿದರು. ವಯಸ್ಸಿನ ಮಾತು ಆಡಬಾರದಿತ್ತು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಆಕೆ ಹೇಳಿದ್ದು ನಮಗೆಲ್ಲ ಕೇಳಿಸಿತು. ವಯಸ್ಸಾಗಿದೆ, ಅದೇನು ಸುಳ್ಳಲ್ಲ, ಕಣ್ಣು ಮಾತ್ರ ನೆಟ್ಟಗಿವೆ ಎಂದು ಕಾಕಾ ಮರಾಠಿಯಲ್ಲಿ ಹೇಳಿದರು. ಆಕೆ ಇನ್ನೂ ಏನೋ ಹೇಳುತ್ತಿದ್ದಂತೆಯೇ ಫೋನನ್ನು ನನ್ನ ಕೈಗಿಟ್ಟು, ಸಣ್ಣ ಲೇತಿನ ಹೊದಿಕೆ ತೆಗೆಯಲು ಹೋದರು.