ಬಿಸಿ ತಿಳಿಯದ ಬೆರಳು

ಅವ್ವನ ಎದೆಯಲ್ಲಿ ಗಂಟು ಎಂದು ಗೊತ್ತಾದಾಗ ಅವಳನ್ನು ಧಾರವಾಡದಿಂದ ಪುಣೆಯ ನನ್ನ ಮನೆಗೆ ಕರೆತಂದವಳು ನಾನೇ. ಅವಳು ಸೀರೆಗಿಂತ ಮೊದಲು ಚೀಲಕ್ಕೆ ಹಾಕಿದ್ದು ರೊಟ್ಟಿ ಹಂಚನ್ನು. "ನಿಮ್ಮ ಆ ಕರೀ ತವಾದಾಗ ರೊಟ್ಟಿ ಉಬ್ಬಂಗಿಲ್ಲ" ಎಂದಳು. ಆಪರೇಷನ್ ಮುಗಿದು, ವಾರಕ್ಕೊಂದರಂತೆ ಹನ್ನೆರಡು ಕೀಮೋ ಎಂದು ಡಾಕ್ಟರು ಬರೆದುಕೊಟ್ಟ ದಿನವೂ ಅವಳು ಕೇಳಿದ್ದು ಒಂದೇ ಮಾತು: "ರೊಟ್ಟಿ ಬಡೀಲಿಕ್ಕೆ ಆಗತದಲ್ಲ?" ಆಗತದ ಬಿಡವ್ವ ಎಂದಿದ್ದೆ.

ನನಗೆ ಎಲ್ಲವೂ ಶಿಸ್ತಾಗಿರಬೇಕು. ಒಂದು ನೋಟ್‌ಬುಕ್ಕಿಗೆ ಗೆರೆ ಹೊಡೆದು ಜ್ವರ, ವಾಂತಿ, ಭೇದಿ, ಬಾಯಿಹುಣ್ಣು, ಊಟ, ಕೈಕಾಲು ಎಂದು ಖಾನೆ ಮಾಡಿದ್ದೆ. ದಿನಕ್ಕೆ ಎರಡು ಸಲ ಅವಳ ನಾಲಿಗೆಯಡಿ ಥರ್ಮಾಮೀಟರ್ ಇಡುತ್ತಿದ್ದೆ. ನೂರು ದಾಟಿದರೆ ಆಸ್ಪತ್ರೆಗೆ ಓಡಲು ಚೀಲ ಕಟ್ಟಿಯೇ ಇಟ್ಟಿದ್ದೆ. ಎಲ್ಲ ಪೇಷಂಟ್‌ಗಳ ಮನೆಯವರೂ ಹೀಗೆ ಬರೆದಿಟ್ಟರೆ ಎಷ್ಟು ಚೆನ್ನ ಎಂದು ಸಿಸ್ಟರ್ ಹೊಗಳಿದಾಗ ನಾನು ಉಬ್ಬಿ ಹೋದೆ.

ಡ್ರಿಪ್ ಹಾಕುವ ಮೊದಲು ಪ್ರತಿ ವಾರ ಸಿಸ್ಟರ್ ಮರಾಠಿಯಲ್ಲಿ ಸಾಲಾಗಿ ಪ್ರಶ್ನೆ ಕೇಳುತ್ತಿದ್ದಳು. ಅವ್ವನಿಗೆ ಮರಾಠಿ ಬಾರದು, ನಡುವೆ ನಾನು. ಕೊನೆಯ ಪ್ರಶ್ನೆ, ಕೈಕಾಲು ಮರಗಟ್ಟುತ್ತವೆಯೇ ಎಂದು. ಮೂರನೆಯ ವಾರ ಅವ್ವ ಹೇಳಿದಳು, "ಬೆರಳು ಒಂದೀಟ ಜೋಂ ಅಂತಾವ. ವಯಸ್ಸಾತಲ್ಲ, ಇರಲಿ ಬಿಡು." ಅವ್ವ ಹುಟ್ಟಾ 'ಬಿಡು' ಅನ್ನುವ ಹೆಂಗಸು. ಚೇಳು ಕಡಿದಾಗಲೂ ಹಾಗೇ ಅಂದಿದ್ದಳು. ನನಗೋ ಅರ್ಧ ದಿನದ ರಜೆ, ಮಧ್ಯಾಹ್ನಕ್ಕೆ ಆಫೀಸಿನಲ್ಲಿರಬೇಕು. ಸಿಸ್ಟರ್ ಕಡೆ ತಿರುಗಿ "ನಾಹೀ", ಇಲ್ಲ ಎಂದೆ. ಮುಂದಿನ ವಾರದಿಂದ ಆ ಪ್ರಶ್ನೆಯನ್ನು ಅವ್ವನವರೆಗೆ ಒಯ್ಯಲೂ ಇಲ್ಲ, ನಾನೇ ಉತ್ತರ ಹೇಳಿಬಿಡುತ್ತಿದ್ದೆ.

ಮನೆಯಲ್ಲಿ ಲೋಟ ಜಾರಿ ಬಿದ್ದರೆ "ಕೈಗೇನು ಬೆಣ್ಣಿ ಹಚಗೊಂಡೀಯೇನ?" ಎಂದು ರೇಗುತ್ತಿದ್ದೆ. ಜಂಪರಿನ ಹುಕ್ಕು ಹಾಕಿಕೊಡು ಎಂದರೆ "ಸಣ್ಣ ಹುಡುಗಿ ಆದ್ಯಾ?" ಎನ್ನುತ್ತಿದ್ದೆ. ಬಾಯಿ ಸುಡಲಿ ನನ್ನದು. ಚಂದ್ರನ ಹಾಗೆ ದುಂಡಗೆ ಬರುತ್ತಿದ್ದ ಅವಳ ರೊಟ್ಟಿಯ ಅಂಚು ಒಡೆಯತೊಡಗಿತು. "ಹಿಟ್ಟಿಗೆ ಜಿಗಿ ಇಲ್ಲ" ಎಂದಳು. ನಾನು ಹೋಗಿ ಗಿರಣಿಯವನ ಜೊತೆ ಜಗಳ ಮಾಡಿ ಬಂದೆ. ಜೋಳ ಇಂದಾಪುರದ್ದು, ಛಲೋ ಮಾಲು ಎಂದು ಪಾಪ ಅವನು ಆಣೆ ಹಾಕಿದ.

ಒಂಬತ್ತನೆಯ ಡೋಸ್ ಆದ ಮೇಲಿನ ಭಾನುವಾರ. ಹಾಲ್‌ನಲ್ಲಿ ಕೂತಿದ್ದ ನನಗೆ ಸುಟ್ಟ ವಾಸನೆ ಬಂತು. "ಅವ್ವಾ, ರೊಟ್ಟಿ ಹೊತ್ತತು!" ಎಂದು ಕೂಗುತ್ತ ಒಳಗೆ ಹೋದೆ. "ಇಲ್ಲಲ್ಲ, ಈಗರ ಹಾಕೇನಿ" ಎಂದಳು, ನನ್ನ ಕಡೆ ತಿರುಗಿ. ರೊಟ್ಟಿ ಬೆಳ್ಳಗೇ ಇತ್ತು. ಅವಳ ಮೂರು ಬೆರಳು ಕಾದ ಹಂಚಿನ ಮೇಲಿದ್ದವು. ಕೈ ಎಳೆದೆ. ತೊಗಲು ಹಂಚಿಗೆ ಹತ್ತಿಕೊಂಡು ಉಳಿಯಿತು. ಅವ್ವ ಬೆರಳು ನೋಡಲಿಲ್ಲ, ನನ್ನ ಮುಖ ನೋಡಿದಳು. "ಯಾಕ ಅಳ್ತೀ? ಏನಾತು?"

ಬೆರಳು ಮರಗಟ್ಟಿದ್ದು ಕೀಮೋದಿಂದ, ಮೊದಲೇ ಹೇಳಿದ್ದರೆ ಡೋಸ್ ಇಳಿಸಬಹುದಿತ್ತು ಎಂದು ಡಾಕ್ಟರು ಮೆತ್ತಗೆ ಹೇಳಿ, ಆ ಔಷಧಿ ನಿಲ್ಲಿಸಿದರು. ನಾನು ನೋಟ್‌ಬುಕ್ ತೆರೆದೆ. ಕೈಕಾಲಿನ ಖಾನೆಯಲ್ಲಿ ಮೇಲಿನಿಂದ ಕೆಳಗಿನವರೆಗೆ 'ಇಲ್ಲ' ಎಂದಿತ್ತು, ನನ್ನ ದುಂಡನೆಯ ಅಕ್ಷರದಲ್ಲಿ.

ವಾಪಸು ಬರುವಾಗ ರಿಕ್ಷಾದಲ್ಲಿ, ತಪ್ಪು ನನ್ನದೆಂದು ಗೊತ್ತಿದ್ದೂ, ಅವಳ ಮೇಲೇ ಹರಿಹಾಯ್ದೆ. "ನನಗ ಜೋರ ಮಾಡಿ ಯಾಕ ಹೇಳಲಿಲ್ಲ ನೀ?"

ಬ್ಯಾಂಡೇಜಿನ ಕೈ ಮಡಿಲಲ್ಲಿಟ್ಟುಕೊಂಡು ಅವಳು ಅಂದಳು, "ಹೇಳಿದ್ನಲ್ಲವ್ವ. ನೀ ಅವರಿಗೆ ಹೇಳಿದಿ, ಅವರು ಸುಮ್ಮನಾದ್ರು. ಇದು ಹಿಂಗ ಇರೋದ ಅಂತ ತಿಳಕೊಂಡೆ."

ನಾನು ಸಿಸ್ಟರ್‌ಗೆ ಹೇಳಿರಲೇ ಇಲ್ಲ ಎಂದು ಅವಳ ಮುಂದೆ ಈವರೆಗೂ ಒಪ್ಪಿಕೊಂಡಿಲ್ಲ.

ಎರಡು ವರ್ಷವಾಯಿತು. ಸ್ಕ್ಯಾನ್ ಸ್ವಚ್ಛ ಬಂದಿದೆ, ಫೋನ್ ಮಾಡಿದವರೆಲ್ಲ ದೇವರು ದೊಡ್ಡವನು ಎನ್ನುತ್ತಾರೆ. ಹೌದು, ಅವ್ವ ಇದ್ದಾಳೆ. ಬೆರಳಿಗೆ ಸ್ಪರ್ಶ ಮಾತ್ರ ಮರಳಲಿಲ್ಲ. ಈಗ ರೊಟ್ಟಿ ಬಡಿಯುವವಳು ನಾನು. ಅವಳು ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂರುತ್ತಾಳೆ. ನನ್ನವು ದಪ್ಪ, ಅಡ್ಡಾದಿಡ್ಡಿ. ಅವಳು ಹೆಸರಿಟ್ಟು ತಪ್ಪು ತೆಗೆಯುವುದಿಲ್ಲ, ಅದನ್ನೇ ನನಗೆ ತಡೆಯಲಾಗುವುದಿಲ್ಲ.

ನಿನ್ನೆ ಬುಟ್ಟಿಯೊಳಗಿನ ರೊಟ್ಟಿಯನ್ನು ತಾನೇ ಎತ್ತಿಕೊಂಡು, ಎರಡೂ ಅಂಗೈ ನಡುವೆ ಇಟ್ಟು, ಸ್ವಲ್ಪ ಹೊತ್ತು ಹಾಗೇ ಕೂತಳು. ಆಮೇಲೆ ನನ್ನ ಮುಖ ನೋಡಿದಳು.

"ಬಿಸಿ ಅದ ಏನವ್ವ?"

ಮುಟ್ಟಿ ನೋಡಿದೆ. ಆರಿ ತಣ್ಣಗಾಗಿತ್ತು.

"ಇಲ್ಲವ್ವ" ಎಂದೆ.